ಹೈಡ್ರೋಜನ್ ಯಾರ ಪಾಲು? ಸಹಸ್ಫಟಿಕವೋ ಲವಣವೋ ಎಂದು ಎಕ್ಸ್‌ರೇ ರೋಹಿತದಿಂದ ತೀರ್ಮಾನಿಸುವ ಬಗೆ

ಒಂದು ಆಮ್ಲ, ಒಂದು ಪ್ರತ್ಯಾಮ್ಲ. ಎರಡೂ ಸೇರಿ ಒಂದೇ ಹರಳಾದವು. ಈಗ ಅವುಗಳ ನಡುವೆ ಇರುವ ಆ ಒಂದು ಹೈಡ್ರೋಜನ್ ಯಾರ ಪಾಲು? ಆಮ್ಲದ ಆಕ್ಸಿಜನ್ನಿಗೇ ಅಂಟಿಕೊಂಡು ಎದುರಿನ ನೈಟ್ರೋಜನ್ನಿನತ್ತ ಬರೀ ಕೈ ಚಾಚಿದ್ದರೆ ಅಲ್ಲಿರುವುದು ಹೈಡ್ರೋಜನ್ ಬಂಧ, ಹರಳು ಸಹಸ್ಫಟಿಕ. ಆಕ್ಸಿಜನ್ನನ್ನು ಬಿಟ್ಟು ನೈಟ್ರೋಜನ್ನಿನ ಮನೆ ಸೇರಿದ್ದರೆ ಅದು ಲವಣ. ಎರಡರ ನಡುವಿನ ವ್ಯತ್ಯಾಸವೆಂದರೆ ಪ್ರೋಟಾನ್ (ಅದೇ ಹೈಡ್ರೋಜನ್ನಿನ ಬೀಜ) ಸರಿದ ಸುಮಾರು 0.6 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ ನ್ಯಾನೊಮೀಟರಿನ ಹತ್ತನೆಯ ಒಂದು ಭಾಗ) ದೂರ, ಅಷ್ಟೇ. ಆದರೆ ಔಷಧದ ಕರಗುವಿಕೆ, ತೇವ ಹೀರುವ ಗುಣ, ಕೊನೆಗೆ ಅದರ ಕಾಗದಪತ್ರ ಎಲ್ಲವೂ ಅಷ್ಟು ದೂರದ ಮೇಲೆ ನಿಂತಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಪಿಕೆಎ (ಪ್ರೋಟಾನನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬ ಅಳತೆ; ಕಡಿಮೆಯಿದ್ದಷ್ಟೂ ಬಲವಾದ ಆಮ್ಲ) ಅಂತರ, ಅಂದರೆ ಪ್ರೋಟಾನ್ ಪಡೆದ ಪ್ರತ್ಯಾಮ್ಲದ ಪಿಕೆಎಯಿಂದ ಆಮ್ಲದ್ದನ್ನು ಕಳೆದದ್ದು, 1 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಲವಣ, ಕಡಿಮೆಯಿದ್ದರೆ ಸಹಸ್ಫಟಿಕ ಎಂದು ಗೆರೆ ಎಳೆಯುತ್ತದೆ. ಆ ಗೆರೆ ನಿಮ್ಮ ವಸ್ತುವಿಗೆ ಒಪ್ಪದಿದ್ದರೆ ರೋಹಿತದ ಸಾಕ್ಷ್ಯ ತಂದು ತೋರಿಸಿ ಎಂದೂ ಅದೇ ಹೇಳುತ್ತದೆ. ಆ ಸಾಕ್ಷ್ಯವನ್ನು ಸಿದ್ಧಪಡಿಸುವ ಒಂದು ದಾರಿ ಇಲ್ಲಿದೆ.

ಹರಳಿನ ರಚನೆ ಬಿಡಿಸಲು ಎಲ್ಲರೂ ಮೊದಲು ಹೋಗುವುದು ಎಕ್ಸ್‌ರೇ ವಿವರ್ತನೆಗೆ, ಅಂದರೆ ಹರಳಿನಿಂದ ಚದುರಿದ ಕಿರಣಗಳ ಚಿತ್ತಾರದಿಂದ ಪರಮಾಣುಗಳ ಜಾಗ ಲೆಕ್ಕ ಹಾಕುವುದಕ್ಕೆ. ಅದರ ತೊಡಕು ಇದೇ ಹೈಡ್ರೋಜನ್ನಿನ ವಿಷಯದಲ್ಲಿ. ಎಕ್ಸ್‌ರೇ ಚದುರುವುದು ಎಲೆಕ್ಟ್ರಾನ್‌ಗಳಿಂದ. ಹೈಡ್ರೋಜನ್ನಿಗಿರುವುದು ಒಂದೇ ಎಲೆಕ್ಟ್ರಾನ್, ಅದೂ ಬಂಧದ ಕಡೆಗೆ ವಾಲಿಕೊಂಡಿರುತ್ತದೆ. ಹಾಗಾಗಿ ವಿವರ್ತನೆಯಲ್ಲಿ ಓ-ಎಚ್, ಎನ್-ಎಚ್ ಬಂಧಗಳು ನಿಜಕ್ಕಿಂತ ಸುಮಾರು 0.1 ಆಂಗ್‌ಸ್ಟ್ರಮ್ ಗಿಡ್ಡವಾಗಿ ಕಾಣುತ್ತವೆ. ಪುಡಿ ಮಾದರಿಯಾದರೆ ಹೈಡ್ರೋಜನ್ನಿನ ಜಾಗವನ್ನು ಅಳೆಯುವ ಬದಲು ಊಹಿಸಿ ಇಡುವುದೇ ಹೆಚ್ಚು. ನ್ಯೂಟ್ರಾನ್ ವಿವರ್ತನೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ, ಆದರೆ ಅದಕ್ಕೆ ದೊಡ್ಡ ಹರಳು ಬೇಕು, ಯಂತ್ರದ ಸಮಯವೂ ಸುಲಭಕ್ಕೆ ಸಿಗದು. ನೈಟ್ರೋಜನ್-15 ಘನಸ್ಥಿತಿ ಎನ್‌ಎಂಆರ್ (ಬೀಜದ ಕಾಂತೀಯ ಅನುರಣನ) ಒಳ್ಳೆಯ ಸಾಕ್ಷಿಯೇ; ಆದರೆ ನೈಸರ್ಗಿಕ ನೈಟ್ರೋಜನ್ನಿನಲ್ಲಿ ಆ ಐಸೊಟೋಪ್ ಇರುವುದು ಶೇ. 0.4ಕ್ಕೂ ಕಡಿಮೆ, ಅಳತೆ ನಿಧಾನ.

ಎಕ್ಸ್‌ರೇ ಫೋಟೋಎಲೆಕ್ಟ್ರಾನ್ ರೋಹಿತ, ಅಂದರೆ ಎಕ್ಸ್‌ರೇ ಹೊಡೆದಾಗ ಹೊರಬೀಳುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವ ಎಕ್ಸ್‌ಪಿಎಸ್, ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಕೇಳುತ್ತದೆ. ಹೈಡ್ರೋಜನ್ನನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ. ಅದನ್ನು ಪಡೆದ ಅಥವಾ ಪಡೆಯದ ನೈಟ್ರೋಜನ್ನನ್ನು ವಿಚಾರಿಸುತ್ತದೆ. ಪ್ರೋಟಾನ್ ಬಂದು ಕುಳಿತರೆ ನೈಟ್ರೋಜನ್ನಿನ ಮೇಲೆ ಧನ ವಿದ್ಯುದಂಶ ಹೆಚ್ಚುತ್ತದೆ, ಅದರ ಒಳಗಿನ 1ಎಸ್ (ಬೀಜಕ್ಕೆ ಅತಿ ಹತ್ತಿರದ ಕಕ್ಷಕದ) ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಸುಗಂಧಿ (ಅರೋಮ್ಯಾಟಿಕ್) ಉಂಗುರದ ಸಿ=ಎನ್ ನೈಟ್ರೋಜನ್ ಸಾಮಾನ್ಯವಾಗಿ 399ರಿಂದ 400 ಇವಿ (ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಸುಮಾರಿಗೆ ಕಾಣಿಸುತ್ತದೆ; ಪ್ರೋಟಾನ್ ಪಡೆದರೆ ಅಲ್ಲಿಂದ 2 ಇವಿ ಸುಮಾರು ಮೇಲೇರುತ್ತದೆ. ಬರೀ ಹೈಡ್ರೋಜನ್ ಬಂಧವಾದರೆ ಏರಿಕೆ ಇವಿಯ ಕೆಲವು ದಶಾಂಶ ಮಾತ್ರ. ಇಡೀ ವಿಧಾನ ನಿಂತಿರುವುದು ಈ ಎರಡು ಏರಿಕೆಗಳ ಗಾತ್ರದ ಅಂತರದ ಮೇಲೆ.

ಯಾವ ಜೋಡಿಯಿಂದ ಶುರು ಮಾಡುವುದು

ಹೊಸ ವಸ್ತುವನ್ನು ನೇರವಾಗಿ ಯಂತ್ರಕ್ಕೆ ಕೊಡಬೇಡಿ. ಉತ್ತರ ಮೊದಲೇ ಗೊತ್ತಿರುವ ಎರಡು ವಸ್ತುಗಳನ್ನು ಅಳೆದು ಕೈ ಕೂರಿಸಿಕೊಳ್ಳಿ. ಅದಕ್ಕೆ ಥಿಯೋಫಿಲಿನ್‌ಗಿಂತ ಒಳ್ಳೆಯದು ಸಿಗುವುದು ಕಷ್ಟ. ಆಸ್ತಮಾಕ್ಕೆ ಬಳಸುವ ಹಳೆಯ ಔಷಧ, ಅಗ್ಗ, ಆದರೆ ನುಂಗಿದರೆ ವಿಷಕಾರಿ. ಅದರ ಅಣುವಿನಲ್ಲಿ ನಾಲ್ಕು ನೈಟ್ರೋಜನ್‌ಗಳಿವೆ: ಎರಡು ಕಾರ್ಬೊನಿಲ್‌ಗಳ ಮಗ್ಗುಲಿನವು, ಒಂದು ಎನ್-ಎಚ್, ಇನ್ನೊಂದು ಸಿ=ಎನ್. ಪ್ರೋಟಾನ್ ಪಡೆಯಬಲ್ಲದ್ದು ಈ ಕೊನೆಯದು ಮಾತ್ರ, ಒಂಬತ್ತನೆಯ ಸ್ಥಾನದ ನೈಟ್ರೋಜನ್. ಉಳಿದ ಮೂರು ಆಟಕ್ಕಿಳಿಯದೆ ಸಾಕ್ಷಿಗಳಾಗಿ ನಿಲ್ಲುತ್ತವೆ. ಅವುಗಳಿಂದಾಗುವ ಉಪಕಾರ ಎಷ್ಟೆಂಬುದು ಮುಂದೆ ಅಳತೆಯ ಹೊತ್ತಿಗೆ ತಿಳಿಯುತ್ತದೆ.

ಸಿಟ್ರಿಕ್ ಆಮ್ಲದೊಂದಿಗೆ ಥಿಯೋಫಿಲಿನ್ ಸಹಸ್ಫಟಿಕ ಕೊಡುತ್ತದೆ. 5-ಸಲ್ಫೊಸ್ಯಾಲಿಸಿಲಿಕ್ ಆಮ್ಲದೊಂದಿಗೆ ಲವಣ. ಕಾರಣ ಸರಳ. ಪ್ರೋಟಾನ್ ಪಡೆದ ಥಿಯೋಫಿಲಿನ್ನಿನ ಪಿಕೆಎ ಸುಮಾರು 1.7, ಸಿಟ್ರಿಕ್ ಆಮ್ಲದ ಮೊದಲ ಪಿಕೆಎ 3.1, ಅಂತರ ಋಣಾತ್ಮಕ, ಆಮ್ಲ ತನ್ನ ಪ್ರೋಟಾನನ್ನು ಬಿಟ್ಟುಕೊಡುವುದಿಲ್ಲ. ಸಲ್ಫೋನಿಕ್ ಗುಂಪಿನ ಪಿಕೆಎ ಸೊನ್ನೆಗಿಂತ ಕೆಳಗೆ, ಹಾಗಾಗಿ ಅದು ಕೊಟ್ಟೇ ಕೊಡುತ್ತದೆ.

ತೂಕ ಹೀಗೆ. ಒಂದು ಮಿಲಿಮೋಲ್ ಲೆಕ್ಕದಲ್ಲಿ ನಿರ್ಜಲ ಥಿಯೋಫಿಲಿನ್ 180 ಮಿಲಿಗ್ರಾಂ. ಸಹಸ್ಫಟಿಕಕ್ಕೆ ಅದರ ಜೊತೆ ನಿರ್ಜಲ ಸಿಟ್ರಿಕ್ ಆಮ್ಲ 192 ಮಿಲಿಗ್ರಾಂ. ಲವಣಕ್ಕೆ ಸಲ್ಫೊಸ್ಯಾಲಿಸಿಲಿಕ್ ಆಮ್ಲದ ಡೈಹೈಡ್ರೇಟ್ 254 ಮಿಲಿಗ್ರಾಂ. ಅಗೇಟ್ ಖಲಬತ್ತಿನಲ್ಲಿ ಹಾಕಿ, ಪ್ರತಿ ಮಿಲಿಗ್ರಾಂ ಪುಡಿಗೆ ಕಾಲು ಮೈಕ್ರೊಲೀಟರ್ ಲೆಕ್ಕದಲ್ಲಿ, ಅಂದರೆ ಒಟ್ಟು 90ರಿಂದ 110 ಮೈಕ್ರೊಲೀಟರ್ ಎಥನಾಲ್ ಬಿಟ್ಟು 20 ನಿಮಿಷ ಅರೆಯಿರಿ. ಒಣಗುತ್ತ ಬಂದರೆ ಇನ್ನೊಮ್ಮೆ ಅಷ್ಟೇ ಬಿಡಿ. ಬಾಲ್ ಮಿಲ್ ಇದ್ದರೆ 25 ಹರ್ಟ್ಸ್‌ನಲ್ಲಿ 30 ನಿಮಿಷ.

ಸಿಟ್ರಿಕ್ ಆಮ್ಲ ಕೊಳ್ಳುವಾಗ ಬಾಟಲಿಯ ಚೀಟಿ ಓದಿ. ಅಂಗಡಿಯಲ್ಲಿ ಸಿಗುವುದು ಹಲವು ಬಾರಿ ಮೊನೊಹೈಡ್ರೇಟ್. ಅರೆಯುವಾಗ ನೀರು ಒಳಗಿದ್ದರೆ ಹೈಡ್ರೇಟ್ ರೂಪದ ಸಹಸ್ಫಟಿಕ ಹುಟ್ಟಬಹುದು. ಮುಂದೆ ನಿರ್ವಾತದಲ್ಲಿ ಆ ನೀರು ಹೊರಟುಹೋಗಿ, ನೀವು ಅಳೆದ ಮೇಲ್ಮೈ ಬೇರೆ, ವಿವರ್ತನೆಯಲ್ಲಿ ಕಂಡ ಹರಳು ಬೇರೆ ಆಗಿಬಿಡುತ್ತದೆ.

ಅರೆದ ಪುಡಿಯನ್ನು ಪುಡಿ ಎಕ್ಸ್‌ರೇ ವಿವರ್ತನೆಗೆ ಹಾಕಿ ಪ್ರಕಟವಾದ ರಚನೆಯ ಮಾದರಿಯೊಂದಿಗೆ ಹೋಲಿಸಿ. ಶುದ್ಧ ಥಿಯೋಫಿಲಿನ್ನಿನ ಗೆರೆಗಳು ಒಂದೂ ಉಳಿದಿರಬಾರದು. ಈ ಹೆಜ್ಜೆಯನ್ನು ಬಿಟ್ಟವರಿಗೆ ಎಕ್ಸ್‌ಪಿಎಸ್ ತಪ್ಪು ಉತ್ತರವನ್ನು ಬಹಳ ಚೆಂದವಾಗಿ ಕೊಡುತ್ತದೆ: ಲವಣದೊಳಗೆ ಶೇ. 20 ಸೇರದೆ ಉಳಿದ ಥಿಯೋಫಿಲಿನ್ ಇದ್ದರೆ ಅದರ ಸಿ=ಎನ್ ಪೀಕ್ ಎದ್ದು ಕಂಡು ‘ಅರ್ಧ ಪ್ರೋಟಾನ್ ವರ್ಗಾವಣೆ’ಯ ಭ್ರಮೆ ಹುಟ್ಟಿಸುತ್ತದೆ. ಇದರೊಂದಿಗೆ ಶುದ್ಧ ಥಿಯೋಫಿಲಿನ್ ಒಂದನ್ನೂ ಆಧಾರ ಮಾದರಿಯಾಗಿ ಇಟ್ಟುಕೊಳ್ಳಿ.

ಪುಡಿಯನ್ನು ಹಿಡಿಕೆಗೆ ಏರಿಸುವುದು

ಬೇಕಾಗುವುದು 20-30 ಮಿಲಿಗ್ರಾಂ ಪುಡಿ. ಇಂಡಿಯಂ ಹಾಳೆಯ ಮೇಲೆ ಒತ್ತಿ ಕೂರಿಸುವುದು ಅತ್ಯುತ್ತಮ. ಇಂಡಿಯಂ ಮೆತ್ತನೆಯ ಲೋಹ, ಪುಡಿ ಅದರೊಳಗೆ ಹೂತು ನಿಲ್ಲುತ್ತದೆ. ಎರಡು ಬದಿ ಅಂಟುವ ಟೇಪ್ ಕೂಡ ನಡೆಯುತ್ತದೆ, ಆದರೆ ಅಂಟಿನ ಒಂದು ಚುಕ್ಕೆಯೂ ಹೊರಗೆ ಕಾಣದಂತೆ ಪುಡಿಯ ದಪ್ಪ ಪದರ ಬೇಕು. ಸರ್ವೇ ರೋಹಿತದಲ್ಲಿ (ಎಲ್ಲ ಧಾತುಗಳನ್ನೂ ಒಮ್ಮೆಗೇ ತೋರಿಸುವ ಅಗಲ ಸ್ಕ್ಯಾನ್) 102 ಇವಿ ಹತ್ತಿರ ಸಿಲಿಕಾನ್ ಕಂಡರೆ ಟೇಪಿನ ಕಾಗದದಿಂದಲೋ ಕೈಗವಸಿನಿಂದಲೋ ಸಿಲಿಕೋನ್ ಹತ್ತಿದೆ ಎಂದು ತಿಳಿಯಿರಿ. ಹೊಸದಾಗಿ ಏರಿಸುವುದೇ ಮೇಲು.

ದ್ರಾವಣವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಹನಿಸಿ ಒಣಗಿಸುವ ಉಪಾಯ ಹಲವರಿಗೆ ಹೊಳೆಯುತ್ತದೆ. ತೆಳು ಪದರವಾದರೆ ವಿದ್ಯುದಂಶ ತುಂಬಿಕೊಳ್ಳುವ ಕಾಟ ಕಡಿಮೆ, ನಿಜ. ಆದರೆ ಹನಿ ಒಣಗುವಾಗ ಎರಡು ಘಟಕಗಳು ಬೇರೆ ಬೇರೆಯಾಗಿ ಹರಳುಗಟ್ಟಬಹುದು, ಅಥವಾ ಇನ್ನೊಂದೇ ಬಹುರೂಪ (ಅದೇ ಅಣುಗಳ ಬೇರೆ ಜೋಡಣೆಯ ಹರಳು) ಬರಬಹುದು. ಆ ತೆಳು ಪದರದ ವಿವರ್ತನೆಯನ್ನೂ ಮಾಡುವವರಿಗೆ ಮಾತ್ರ ಈ ದಾರಿ.

ಎಕ್ಸ್‌ಪಿಎಸ್ ಮೇಲ್ಮೈಯ ವಿದ್ಯೆ. ಅಲ್ಯೂಮಿನಿಯಂ ಕೆ-ಆಲ್ಫಾ ಕಿರಣದ 1486.6 ಇವಿಯಿಂದ ಹೊರಬೀಳುವ ನೈಟ್ರೋಜನ್ 1ಎಸ್ ಎಲೆಕ್ಟ್ರಾನಿನ ಚಲನ ಶಕ್ತಿ ಸುಮಾರು 1086 ಇವಿ. ಸಾವಯವ ಘನದಲ್ಲಿ ಇಂಥ ಎಲೆಕ್ಟ್ರಾನ್ ಶಕ್ತಿ ಕಳೆದುಕೊಳ್ಳದೆ ಸಾಗುವುದು ಸರಾಸರಿ 3 ನ್ಯಾನೊಮೀಟರ್. ನಮಗೆ ಸಿಗುವ ಸುದ್ದಿಯೆಲ್ಲ ಮೇಲಿನ 10 ನ್ಯಾನೊಮೀಟರಿನದು. ಹಾಗಾಗಿ ಪುಡಿಯನ್ನು ಏರಿಸುವ ಸ್ವಲ್ಪ ಮುಂಚೆ ಒಮ್ಮೆ ಮೆಲ್ಲಗೆ ಅರೆದು ಹೊಸ ಮೇಲ್ಮೈ ತೆರೆದುಕೊಳ್ಳಿ. ಆರ್ಗಾನ್ ಅಯಾನ್‌ನಿಂದ ಮೇಲ್ಮೈ ಕೆತ್ತಿ ಶುಚಿ ಮಾಡುವ ಅಭ್ಯಾಸ ಲೋಹದವರದು. ಸಾವಯವ ಹರಳಿನ ಮೇಲೆ ಏಕ-ಪರಮಾಣು ಆರ್ಗಾನ್ ಬಿಟ್ಟರೆ ಅಣುಗಳೇ ಮುರಿದುಹೋಗುತ್ತವೆ. ಬೇಡವೇ ಬೇಡ.

ನಿರ್ವಾತದ ಪ್ರಶ್ನೆ

ಅಳತೆಯ ಕೋಣೆಯ ಒತ್ತಡ ಒಂದು ಮಿಲಿಬಾರಿನ ನೂರು ಕೋಟಿಯಲ್ಲಿ ಕೆಲವು ಭಾಗ ಮಾತ್ರ. ಆ ನಿರ್ವಾತದಲ್ಲಿ ಕೆಲವು ವಸ್ತುಗಳು ಕುಳಿತಲ್ಲಿಯೇ ಆವಿಯಾಗುತ್ತವೆ. ಇಮಿಡಜೋಲ್ ಇದಕ್ಕೆ ಹೆಸರುವಾಸಿ, ಬೆಂಜೊಯಿಕ್ ಆಮ್ಲವೂ ಅದೇ ಸಾಲಿನದು. ಸಹಸ್ಫಟಿಕದ ಒಂದು ಘಟಕ ಮಾತ್ರ ಹಾರಿಹೋದರೆ ಮೇಲ್ಮೈಯಲ್ಲಿ ಇನ್ನೊಂದು ಒಂಟಿಯಾಗಿ ಉಳಿಯುತ್ತದೆ. ಹಾಗಾಗಿ ಹೊಸ ವಸ್ತುವನ್ನು ಮೊದಲು ತಯಾರಿ ಕೋಣೆಯಲ್ಲಿ ಒಂದು ಗಂಟೆ ಬಿಟ್ಟು ಒತ್ತಡ ಇಳಿಯುತ್ತದೆಯೇ ನೋಡಿ. ಇಳಿಯದೆ ಒಂದೇ ಮಟ್ಟದಲ್ಲಿ ನಿಂತರೆ ಮಾದರಿ ಆವಿಯಾಗುತ್ತಿದೆ. ಆಗ ದ್ರವ ನೈಟ್ರೋಜನ್‌ನಿಂದ ತಣಿಯುವ ಹಿಡಿಕೆ ಬೇಕು, ಮಾದರಿಯನ್ನು ನಿರ್ವಾತಕ್ಕೆ ಒಡ್ಡುವ ಮೊದಲೇ ತಣಿಸಿರಬೇಕು. ಹೈಡ್ರೇಟ್‌ಗಳಿಗೂ ಇದೇ ಮದ್ದು. ತಣಿಸುವ ಸೌಲಭ್ಯವಿಲ್ಲದಿದ್ದರೆ ಥಿಯೋಫಿಲಿನ್ ಮೊನೊಹೈಡ್ರೇಟನ್ನು ಅಳೆದೆವು ಎಂದು ಬರೆಯುವಂತಿಲ್ಲ. ನೀರು ಪಂಪಿನ ಪಾಲಾಗಿ ನೀವು ಅಳೆದದ್ದು ನಿರ್ಜಲ ರೂಪವನ್ನು. ಮೇಲೆ ಹೇಳಿದ ಸಲ್ಫೊಸ್ಯಾಲಿಸಿಲಿಕ್ ಲವಣವೂ ಮೊನೊಹೈಡ್ರೇಟ್ ಆಗಿಯೇ ಹರಳುಗಟ್ಟುತ್ತದೆ. ಅಲ್ಲಿ ಆಕ್ಸಿಜನ್ನಿನ ಪ್ರಮಾಣ ಅಳತೆಯ ಶುರುವಿನಿಂದ ಕೊನೆಯವರೆಗೆ ಇಳಿಯುತ್ತಿದೆಯೇ ಎಂದು ಒಂದು ಕಣ್ಣಿಟ್ಟಿರಿ.

ಅಳತೆ

ಏಕವರ್ಣಕ (ಒಂದೇ ಶಕ್ತಿಯ ಕಿರಣವನ್ನು ಆರಿಸಿ ಬಿಡುವ ಸಾಧನ) ಇರುವ ಅಲ್ಯೂಮಿನಿಯಂ ಎಕ್ಸ್‌ರೇ ಮೂಲವೇ ಆಗಬೇಕು. ಏಕವರ್ಣಕವಿಲ್ಲದಿದ್ದರೆ ಕಿರಣದ ಸ್ವಂತ ಅಗಲವೇ 0.85 ಇವಿ ಸುಮಾರು, ಜೊತೆಗೆ ಮುಖ್ಯ ಪೀಕಿನ ಪಕ್ಕದಲ್ಲಿ ಕಾಣುವ ಉಪಗ್ರಹ ಪೀಕ್‌ಗಳು. ಮೇಲಾಗಿ ಮಾದರಿ ಬಿಸಿಯಾಗುತ್ತದೆ. ಇವಿಯ ದಶಾಂಶಗಳನ್ನು ಹುಡುಕುವ ಕೆಲಸ ಅಲ್ಲಿ ಸಾಗದು.

ಕ್ರಮ ಹೀಗಿರಲಿ. ಎಲ್ಲಕ್ಕಿಂತ ಮೊದಲು ನೈಟ್ರೋಜನ್ 1ಎಸ್‌ನ ಎರಡು ನಿಮಿಷದ ಚುಟುಕು ಸ್ಕ್ಯಾನ್. ಇದು ಹಾನಿಯಾಗುವ ಮುಂಚಿನ ಚಿತ್ರ, ಕೊನೆಯಲ್ಲಿ ಹೋಲಿಸಲು. ಆಮೇಲೆ ಹೆಚ್ಚಿನ ಪಾಸ್ ಎನರ್ಜಿಯಲ್ಲಿ (ವಿಶ್ಲೇಷಕ ಎಲೆಕ್ಟ್ರಾನ್‌ಗಳನ್ನು ಹಾಯಿಸುವ ಶಕ್ತಿ; ಕಡಿಮೆಯಾದಷ್ಟೂ ವಿವರ ಸೂಕ್ಷ್ಮ), 150-160 ಇವಿ ಸಾಕು, ಒಂದು ಸರ್ವೇ. ಆಮೇಲೆ ಪಾಸ್ ಎನರ್ಜಿ 20 ಇವಿಗೆ ಇಳಿಸಿ 0.1 ಇವಿ ಹೆಜ್ಜೆಯಲ್ಲಿ ಕಾರ್ಬನ್ 1ಎಸ್, ನೈಟ್ರೋಜನ್ 1ಎಸ್, ಆಕ್ಸಿಜನ್ 1ಎಸ್. ಲವಣಕ್ಕೆ ಗಂಧಕದ 2ಪಿ ಕೂಡ. ನೈಟ್ರೋಜನ್ನಿನ ಕಿಟಕಿ 394ರಿಂದ 410 ಇವಿವರೆಗೆ ಇರಲಿ. ಬರೀ ಪೀಕಿನ ಸುತ್ತ ಕತ್ತರಿಸಿದರೆ ಹಿನ್ನೆಲೆ ಎಳೆಯಲು ಜಾಗವೇ ಉಳಿಯುವುದಿಲ್ಲ. ಐದರಿಂದ ಹತ್ತು ಸ್ಕ್ಯಾನ್‌ಗಳನ್ನು ಕೂಡಿಸದೆ ಬೇರೆ ಬೇರೆಯಾಗಿಯೇ ಉಳಿಸಿ. ಯಂತ್ರ ತಾನೇ ಕೂಡಿಸಿಬಿಟ್ಟರೆ ಮೊದಲ ಸ್ಕ್ಯಾನಿಗೂ ಹತ್ತನೆಯದಕ್ಕೂ ನಡುವೆ ಏನು ಬದಲಾಯಿತೆಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಕೊನೆಗೆ ಅದೇ ಜಾಗದಲ್ಲಿ ಮತ್ತೆ ಎರಡು ನಿಮಿಷದ ಚುಟುಕು. ಮೊದಲನೆಯದರ ಮೇಲೆ ಅದನ್ನು ಇಟ್ಟು ನೋಡಿ. ಆಕಾರ ಬದಲಾಗಿದ್ದರೆ ಹೊಸ ಜಾಗಕ್ಕೆ ಹೋಗಿ ಅರ್ಧ ಸಮಯದಲ್ಲಿ ಮುಗಿಸಿ. ನೈಟ್ರೊ ಗುಂಪು, ಬ್ರೋಮಿನ್, ಅಯೊಡಿನ್ ಇರುವ ಅಣುಗಳು ಕಿರಣಕ್ಕೆ ಬೇಗ ಸೋಲುತ್ತವೆ.

ಸರ್ವೇಯಿಂದ ಮೊದಲು ಅನುಪಾತ ತೆಗೆಯಿರಿ. ಥಿಯೋಫಿಲಿನ್ನಿನಲ್ಲಿ ಕಾರ್ಬನ್ 7, ನೈಟ್ರೋಜನ್ 4. ಸಿಟ್ರಿಕ್ ಆಮ್ಲದಲ್ಲಿ ಕಾರ್ಬನ್ 6, ನೈಟ್ರೋಜನ್ ಇಲ್ಲ. ಒಂದಕ್ಕೊಂದು ಸೇರಿದ ಸಹಸ್ಫಟಿಕದಲ್ಲಿ ನೈಟ್ರೋಜನ್ ಭಾಗಿಸು ಕಾರ್ಬನ್ 0.31 ಬರಬೇಕು, ಶುದ್ಧ ಥಿಯೋಫಿಲಿನ್ನಿನಲ್ಲಿ 0.57. ಗಾಳಿಯಿಂದ ಬಂದು ಕೂರುವ ಕಾರ್ಬನ್ನಿನಿಂದಾಗಿ 0.31ಕ್ಕಿಂತ ಸ್ವಲ್ಪ ಕೆಳಗಿದ್ದರೆ ಸಹಜ. 0.4 ದಾಟಿತೋ, ಮೇಲ್ಮೈಯಲ್ಲಿ ಸೇರದ ಥಿಯೋಫಿಲಿನ್ ಇದೆ. ಲವಣದಲ್ಲಿ ಇನ್ನೂ ಚೆನ್ನಾದ ತಕ್ಕಡಿ ಇದೆ: ನೈಟ್ರೋಜನ್ನಿಗೂ ಗಂಧಕಕ್ಕೂ 4:1. ಗಾಳಿಯ ಕಾರ್ಬನ್ ಈ ಲೆಕ್ಕವನ್ನು ಹೆಚ್ಚೇನೂ ಕೆಡಿಸಲಾರದು.

ವಿದ್ಯುದಂಶದ ಕಾಟ

ಈ ಪುಡಿಗಳು ವಿದ್ಯುತ್ ಹರಿಯಬಿಡುವುದಿಲ್ಲ. ಎಲೆಕ್ಟ್ರಾನ್‌ಗಳು ಹೊರಟಷ್ಟೂ ಮೇಲ್ಮೈ ಧನಾತ್ಮಕವಾಗಿ, ಇಡೀ ರೋಹಿತ ಹಲವು ಇವಿಗಳಷ್ಟು ಜಾರಬಹುದು. ಚಾರ್ಜ್ ನ್ಯೂಟ್ರಲೈಸರ್ ಕಡಿಮೆ ಶಕ್ತಿಯ ಎಲೆಕ್ಟ್ರಾನ್‌ಗಳನ್ನು ಸುರಿದು ಇದನ್ನು ಸರಿದೂಗಿಸುತ್ತದೆ, ಆದರೆ ಅದು ನಿಲ್ಲುವ ಮಟ್ಟ ಮಾದರಿಯಿಂದ ಮಾದರಿಗೆ ಬೇರೆ. ಹಾಗಾಗಿ ರೂಢಿಯಂತೆ ಗಾಳಿಯ ಕಾರ್ಬನ್ನಿನ ಪೀಕನ್ನು 284.8 ಇವಿಗೆ ತಂದು ನಿಲ್ಲಿಸಿ ಉಳಿದದ್ದನ್ನು ಅದಕ್ಕೆ ಅಳೆಯುತ್ತಾರೆ. ಲೋಹದ ಆಕ್ಸೈಡಿಗೆ ಇದು ಹೇಗೋ ನಡೆದೀತು. ಇಲ್ಲಿ ನಾವು ಹುಡುಕುತ್ತಿರುವ ಹೈಡ್ರೋಜನ್ ಬಂಧದ ಏರಿಕೆಯೇ 0.3, 0.5 ಇವಿ. ಗಾಳಿಯ ಕಾರ್ಬನ್ನಿನ ಜಾಗ 0.2 ಇವಿ ಆಚೀಚೆ ಆದರೆ ತೀರ್ಮಾನವೇ ತೂಗಾಡುತ್ತದೆ.

ಥಿಯೋಫಿಲಿನ್ ಆರಿಸಿದ ಫಲ ಇಲ್ಲಿ ಕೈಗೆ ಸಿಗುತ್ತದೆ. ಒಂದೇ ಅಣುವಿನ ನಾಲ್ಕೂ ನೈಟ್ರೋಜನ್‌ಗಳು ಒಂದೇ ವಿದ್ಯುದಂಶದಲ್ಲಿ ಮುಳುಗಿವೆ. ರೋಹಿತ ಎಷ್ಟೇ ಜಾರಿದರೂ ನಾಲ್ಕೂ ಒಟ್ಟಿಗೇ ಜಾರುತ್ತವೆ. ಆದ್ದರಿಂದ ಸಿ=ಎನ್ ಪೀಕ್ ಎಷ್ಟನೆಯ ಇವಿಯಲ್ಲಿದೆ ಎಂದು ನೋಡುವುದಕ್ಕಿಂತ, ಅದು ತನ್ನ ಮೂವರು ಒಡನಾಡಿಗಳಿಂದ ಎಷ್ಟು ದೂರ ನಿಂತಿದೆ ಎಂದು ನೋಡಿ. ಅಂತರವನ್ನು ನಂಬಿ, ಜಾಗವನ್ನು ಅದರ ನಂತರ. ಈ ಮಾತನ್ನು ಹಿಡಿದುಕೊಂಡರೆ ಹರಳಿನ ಹೈಡ್ರೋಜನ್ ಬಂಧದ ಎಕ್ಸ್‌ಪಿಎಸ್‌ನಲ್ಲಿ ಆಗುವ ಮುಕ್ಕಾಲು ಜಗಳ ತಪ್ಪುತ್ತದೆ. ನಿಮ್ಮ ಸ್ವಂತ ವಸ್ತುವಿನಲ್ಲಿ ಒಂದೇ ಒಂದು ನೈಟ್ರೋಜನ್ ಇದ್ದರೆ, ಅಣುವಿನದೇ ಆದ ಸುಗಂಧಿ ಅಥವಾ ಮೀಥೈಲ್ ಕಾರ್ಬನ್ನಿನ ಪೀಕನ್ನು ಆಧಾರವಾಗಿಟ್ಟುಕೊಳ್ಳಿ. ಹೊರಗಿನಿಂದ ಬಂದ ಕಾರ್ಬನ್ನಿಗಿಂತ ಅದು ನಂಬಿಗಸ್ತ.

ನ್ಯೂಟ್ರಲೈಸರ್ ಸರಿಯಾಗಿದೆಯೇ ಎಂದು ತಿಳಿಯುವ ಗುರುತು ಪೀಕಿನ ಅಗಲ. ಒಳ್ಳೆಯ ಸಾವಯವ ಪುಡಿಯಲ್ಲಿ ಒಂದೊಂದು ನೈಟ್ರೋಜನ್ ಪೀಕಿನ ಅರ್ಧ ಎತ್ತರದ ಅಗಲ 1.0ರಿಂದ 1.4 ಇವಿ ಒಳಗೆ ಬರುತ್ತದೆ. 1.6 ದಾಟಿದರೆ, ಅಥವಾ ಎಲ್ಲ ಪೀಕ್‌ಗಳಿಗೂ ಒಂದೇ ಬದಿಯಲ್ಲಿ ಬಾಲ ಬೆಳೆದರೆ, ಪುಡಿಯ ಬೇರೆ ಬೇರೆ ಕಣಗಳು ಬೇರೆ ಬೇರೆ ಮಟ್ಟದಲ್ಲಿ ವಿದ್ಯುದಂಶ ತುಂಬಿಕೊಂಡಿವೆ. ನ್ಯೂಟ್ರಲೈಸರಿನ ಹರಿವು ಬದಲಿಸಿ, ಪುಡಿಯನ್ನು ತೆಳುವಾಗಿ ಸಮತಟ್ಟಾಗಿ ಒತ್ತಿ. ಕೆಟ್ಟ ರೋಹಿತವನ್ನು ಮೂರು ನಾಲ್ಕು ಪೀಕ್ ಸೇರಿಸಿ ಫಿಟ್ ಮಾಡಿ ಸುಂದರಗೊಳಿಸಬೇಡಿ.

ಫಿಟ್ ಮಾಡುವುದು

ಪೀಕಿನ ಕೆಳಗಿನ ಹಿನ್ನೆಲೆಗೆ ಶರ್ಲಿ ವಕ್ರರೇಖೆ, ಅಥವಾ ಹಿನ್ನೆಲೆ ಚಪ್ಪಟೆಯಾಗಿದ್ದರೆ ಸರಳ ರೇಖೆ. ಆಕಾರಕ್ಕೆ ಗೌಸಿಯನ್ ಶೇ. 70, ಲೊರೆಂಟ್ಸಿಯನ್ ಶೇ. 30ರ ಗುಣಲಬ್ಧ. ಶುದ್ಧ ಥಿಯೋಫಿಲಿನ್ನಿನಲ್ಲಿ ಎರಡು ಗುಡ್ಡ ಕಾಣುತ್ತವೆ: 399 ಇವಿ ಚಿಲ್ಲರೆಯಲ್ಲಿ ಸಿ=ಎನ್, ಅದರ ಮೇಲೆ 400.5ರಿಂದ 401ರ ಸುಮಾರಿಗೆ ಉಳಿದ ಮೂರರ ಗುಂಪು. ವಿಸ್ತೀರ್ಣ 1:3. ಅಗಲವನ್ನು ಎಲ್ಲ ಪೀಕ್‌ಗಳಿಗೂ ಒಂದೇ ಎಂದು ಕಟ್ಟಿಹಾಕಿ, ಆದರೆ ವಿಸ್ತೀರ್ಣವನ್ನು ಮೊದಲ ಸುತ್ತಿನಲ್ಲಿ ಬಿಟ್ಟುಬಿಡಿ. ತಾನಾಗಿಯೇ 1:3ರ ಹತ್ತಿರ ಬಂತೆಂದರೆ ಮಾದರಿಯೂ ಅಳತೆಯೂ ಸರಿಯಿವೆ. ಆಮೇಲೆ ಬೇಕಿದ್ದರೆ ಕಟ್ಟಿ. ಮೊದಲೇ ಕಟ್ಟಿದರೆ ಪರೀಕ್ಷೆಯ ಅವಕಾಶವೇ ಹೋಯಿತು.

ಈಗ ಸಹಸ್ಫಟಿಕ. ಎರಡು ಗುಡ್ಡಗಳು ಹಾಗೇ ಉಳಿಯಬೇಕು, 1:3 ಹಾಗೇ ಇರಬೇಕು, ನಡುವಿನ ಅಂತರ ಸ್ವಲ್ಪ ಬದಲಾದೀತು ಅಷ್ಟೇ. ಇಲ್ಲಿ ಒಂದು ಸೂಕ್ಷ್ಮವಿದೆ. ಸಿಟ್ರಿಕ್ ಆಮ್ಲದ ಓ-ಎಚ್ ಬಂದು ಹೈಡ್ರೋಜನ್ ಬಂಧ ಕಟ್ಟಿದರೂ ಏರಿಕೆ ನಿರೀಕ್ಷೆಗಿಂತ ಕಡಿಮೆ ಕಾಣುವುದುಂಟು. ಕಾರಣ, ಆಧಾರವಾಗಿಟ್ಟ ನಿರ್ಜಲ ಥಿಯೋಫಿಲಿನ್ನಿನ ಸಿ=ಎನ್ ಕೂಡ ಒಂಟಿಯಲ್ಲ. ಅದರ ಸಾಮಾನ್ಯ ರೂಪದ ಹರಳಿನಲ್ಲಿ ಪಕ್ಕದ ಅಣುವಿನ ಎನ್-ಎಚ್ ಬಂದು ಇದೇ ನೈಟ್ರೋಜನ್ನಿಗೆ ಹೈಡ್ರೋಜನ್ ಬಂಧ ಕೊಟ್ಟಿರುತ್ತದೆ. ಒಂದು ಹೈಡ್ರೋಜನ್ ಬಂಧ ಹೋಗಿ ಇನ್ನೊಂದು ಬಂದದ್ದನ್ನು ನೀವು ಅಳೆಯುತ್ತಿದ್ದೀರಿ. ಬಂಧವೇ ಇಲ್ಲದ ಸ್ಥಿತಿಯಿಂದ ಅಳೆಯಬೇಕೆಂದರೆ ಅನಿಲ ರೂಪದ ಅಣುವಿಗೇ ಹೋಗಬೇಕು, ಇಲ್ಲವೇ ಲೆಕ್ಕಾಚಾರಕ್ಕೆ.

ಲವಣದಲ್ಲಿ ಕೆಳಗಿನ ಗುಡ್ಡವೇ ಮಾಯವಾಗುತ್ತದೆ. ಪ್ರೋಟಾನ್ ಪಡೆದ ಸಿ=ಎನ್ ಮೇಲೇರಿ ಮೂರರ ಗುಂಪಿನೊಳಗೆ ಸೇರಿಕೊಂಡು ನಾಲ್ಕೂ ಒಂದೇ ಮುದ್ದೆಯಾಗುತ್ತವೆ. ಇದನ್ನು ಓದಲು ಫಿಟ್ ಬೇಕಾಗಿಯೇ ಇಲ್ಲ, ಎರಡು ರೋಹಿತಗಳನ್ನು ಒಂದರ ಮೇಲೊಂದು ಇಟ್ಟರೆ ಬರಿಗಣ್ಣಿಗೇ ಕಾಣುತ್ತದೆ. ಕೆಳಗೆ 399ರ ಹತ್ತಿರ ಸಣ್ಣ ಭುಜವೊಂದು ಉಳಿದಿದ್ದರೆ ಮೂರು ಅನುಮಾನಗಳನ್ನು ಸಾಲಾಗಿ ಪರೀಕ್ಷಿಸಿ: ಸೇರದ ಥಿಯೋಫಿಲಿನ್, ಕಿರಣದ ಹಾನಿ, ನಿರ್ವಾತದಲ್ಲಿ ಆದ ಬದಲಾವಣೆ. ಮೊದಲನೆಯದಕ್ಕೆ ವಿವರ್ತನೆ ಮತ್ತು ಗಂಧಕದ ಅನುಪಾತ ಉತ್ತರ ಕೊಡುತ್ತವೆ, ಎರಡನೆಯದಕ್ಕೆ ಬಿಡಿ ಸ್ಕ್ಯಾನ್‌ಗಳು, ಮೂರನೆಯದಕ್ಕೆ ತಣಿಸಿ ಮಾಡಿದ ಮರು ಅಳತೆ. ಮೂರೂ ಅಲ್ಲವೆಂದಾದ ಮೇಲೆ ಮಾತ್ರ ‘ಭಾಗಶಃ ವರ್ಗಾವಣೆ’ ಎಂಬ ಮಾತು ಎತ್ತಿ.

ಆಕ್ಸಿಜನ್ನಿನ ಕಡೆಯಿಂದಲೂ ಇದನ್ನೇ ಓದಬಹುದಲ್ಲವೇ ಎಂದರೆ, ತತ್ವದಲ್ಲಿ ಹೌದು. ಕಾರ್ಬಾಕ್ಸಿಲಿಕ್ ಆಮ್ಲದಲ್ಲಿ ಸಿ=ಓ, ಸಿ-ಓಎಚ್ ಎರಡು ಪೀಕ್; ಪ್ರೋಟಾನ್ ಹೋದ ಮೇಲೆ ಎರಡೂ ಆಕ್ಸಿಜನ್ ಸಮಾನವಾಗಿ ಒಂದೇ ಪೀಕ್. ಆದರೆ ಸಿಟ್ರಿಕ್ ಆಮ್ಲ ಒಂದರಲ್ಲೇ ಏಳು ಆಕ್ಸಿಜನ್, ಥಿಯೋಫಿಲಿನ್ನಿನವು ಎರಡು, ಮೇಲೆ ತೇವಾಂಶ. ಆ ಸಂತೆಯಲ್ಲಿ ಒಬ್ಬರನ್ನು ಗುರುತಿಸುವುದು ಆಗದ ಕೆಲಸ. ಒಂದೇ ಕಾರ್ಬಾಕ್ಸಿಲ್ ಇರುವ ಸಣ್ಣ ಅಣುಗಳಲ್ಲಿ ಮಾತ್ರ ಪ್ರಯತ್ನಿಸಿ.

ನಡುದಾರಿಯ ಹರಳುಗಳು

ಪ್ರಕಟವಾದ ಹರಳು ರಚನೆಗಳ ಭಂಡಾರವಾದ ಕೇಂಬ್ರಿಜ್ ರಚನಾ ದತ್ತಸಂಚಯದ 6,465 ಆಮ್ಲ-ಪ್ರತ್ಯಾಮ್ಲ ಸಂಕೀರ್ಣಗಳನ್ನು ಒರೆಗೆ ಹಚ್ಚಿದ 2012ರ ಅಧ್ಯಯನದಲ್ಲಿ ಪಿಕೆಎ ಅಂತರ ಮೈನಸ್ 1ಕ್ಕಿಂತ ಕಡಿಮೆಯಿದ್ದಲ್ಲಿ ಸಹಸ್ಫಟಿಕ, 4ಕ್ಕಿಂತ ಹೆಚ್ಚಿದ್ದಲ್ಲಿ ಲವಣ ಎಂದು ಕಂಡುಬಂತು. ನಡುವಿನ ಪಟ್ಟಿಯಲ್ಲಿ ಎರಡೂ ಸಾಧ್ಯ. ಪಿಕೆಎ ನೀರಿನಲ್ಲಿ ಅಳೆದ ಗುಣ. ಹರಳಿನೊಳಗೆ ನೀರಿಲ್ಲ, ನೆರೆಹೊರೆಯ ಅಣುಗಳಿವೆ. ಎಕ್ಸ್‌ಪಿಎಸ್ ನಿಜವಾಗಿ ಬೇಕಾಗುವುದು ಈ ಪಟ್ಟಿಯಲ್ಲಿಯೇ.

ಇಲ್ಲಿ ಎರಡು ಬಗೆಯ ಹರಳುಗಳನ್ನು ಬೇರ್ಪಡಿಸಿ ನೋಡಬೇಕು. ಒಂದರಲ್ಲಿ ಪ್ರೋಟಾನ್ ಕೆಲವು ಜೋಡಿಗಳಲ್ಲಿ ಆಕ್ಸಿಜನ್ ಬಳಿ, ಕೆಲವು ಜೋಡಿಗಳಲ್ಲಿ ನೈಟ್ರೋಜನ್ ಬಳಿ ಇರುತ್ತದೆ. ವಿವರ್ತನೆ ಇವೆಲ್ಲದರ ಸರಾಸರಿ ತೆಗೆದು ಪ್ರೋಟಾನ್ ನಡುವೆ ಇದೆಯೇನೋ ಎಂಬಂತೆ ತೋರಿಸುತ್ತದೆ. ಎಕ್ಸ್‌ಪಿಎಸ್ ಸರಾಸರಿ ತೆಗೆಯುವುದಿಲ್ಲ. ಎಲೆಕ್ಟ್ರಾನ್ ಹೊರಬೀಳುವ ಘಟನೆ ಪ್ರೋಟಾನ್ ಕದಲುವುದಕ್ಕಿಂತ ವೇಗವಾಗಿ ಮುಗಿದುಹೋಗುತ್ತದೆ, ಹಾಗಾಗಿ ಎರಡೂ ಬಗೆಯ ನೈಟ್ರೋಜನ್‌ಗಳು ಎರಡು ಪೀಕ್‌ಗಳಾಗಿ ಅವುಗಳ ಪ್ರಮಾಣಕ್ಕೆ ತಕ್ಕ ವಿಸ್ತೀರ್ಣದಲ್ಲಿ ಕಾಣುತ್ತವೆ. ಇನ್ನೊಂದು ಬಗೆಯಲ್ಲಿ ಆಕ್ಸಿಜನ್-ನೈಟ್ರೋಜನ್ ದೂರ 2.5-2.6 ಆಂಗ್‌ಸ್ಟ್ರಮ್‌ವರೆಗೆ ಕುಗ್ಗಿ ಪ್ರೋಟಾನ್ ನಿಜಕ್ಕೂ ನಡುದಾರಿಯಲ್ಲಿ ನಿಲ್ಲುತ್ತದೆ. ಆಗ ಒಂದೇ ಪೀಕ್, ಆದರೆ ಎರಡರ ನಡುವಿನ ಜಾಗದಲ್ಲಿ. ಎರಡು ಪೀಕ್‌ಗಳೋ ನಡುವಿನ ಒಂದೋ ಎಂದು ಹೇಳಲು ಕಿರಿದಾದ, ವಿದ್ಯುದಂಶದ ಬಾಲವಿಲ್ಲದ ರೋಹಿತವೇ ಬೇಕು. ಮೇಲೆ ಅಗಲದ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಇಂಥ ಹರಳನ್ನು ಕೋಣೆಯ ಉಷ್ಣತೆಯಲ್ಲಿ ಒಮ್ಮೆ, ತಣಿಸಿ ಒಮ್ಮೆ ಅಳೆಯಿರಿ. ಯೂರಿಯಾ-ಫಾಸ್ಫರಿಕ್ ಆಮ್ಲದ ಹರಳಿನಲ್ಲಿ ಉಷ್ಣತೆ ಬದಲಾದಂತೆ ಪ್ರೋಟಾನ್ ಜಾಗ ಬದಲಿಸುವುದನ್ನು ನ್ಯೂಟ್ರಾನ್ ವಿವರ್ತನೆ ತೋರಿಸಿದೆ.

ಏಕಹರಳಿನ ರಚನೆ ಕೈಯಲ್ಲಿದ್ದರೆ ಭಾರದ ಪರಮಾಣುಗಳನ್ನೂ ಕೇಳಿ. ಕಾರ್ಬಾಕ್ಸಿಲಿಕ್ ಆಮ್ಲದಲ್ಲಿ ಎರಡು ಸಿ-ಓ ಬಂಧಗಳು ಸುಮಾರು 1.21 ಮತ್ತು 1.31 ಆಂಗ್‌ಸ್ಟ್ರಮ್; ಲವಣದಲ್ಲಿ ಎರಡೂ 1.25ರ ಹತ್ತಿರ. ಪಿರಿಡೀನ್ ಉಂಗುರವಾದರೆ ನೈಟ್ರೋಜನ್ನಿನ ಬಳಿಯ ಕೋನ 117 ಡಿಗ್ರಿಯಿಂದ 122ರತ್ತ ಹಿಗ್ಗುತ್ತದೆ. ಇವು ಎಕ್ಸ್‌ಪಿಎಸ್ ಹೇಳಿದ್ದಕ್ಕೆ ಒಪ್ಪಬೇಕು. ಒಪ್ಪದಿದ್ದರೆ ಮೇಲ್ಮೈಗೂ ಒಳಗಿನ ಹರಳಿಗೂ ವ್ಯತ್ಯಾಸವಿದೆ.

ಸಿಂಕ್ರೊಟ್ರಾನಿಗೆ ಹೋಗುವುದು ಯಾವಾಗ

ಸಿಂಕ್ರೊಟ್ರಾನ್ ಎಂಬ ತೀಕ್ಷ್ಣ ಎಕ್ಸ್‌ರೇ ಕೊಡುವ ದೊಡ್ಡ ಯಂತ್ರದಲ್ಲಿ ಮಾಡುವ ನೆಕ್ಸಾಫ್ಸ್ ಎಂಬ ಹೀರುವಿಕೆಯ ರೋಹಿತದಲ್ಲಿ ಒಳಗಿನ 1ಎಸ್ ಎಲೆಕ್ಟ್ರಾನನ್ನು ಹೊರಗೆ ಎಸೆಯದೆ ಖಾಲಿ ಕಕ್ಷಕಕ್ಕೆ ಏರಿಸುತ್ತೇವೆ. ಆ ಕಕ್ಷಕದ ಶಕ್ತಿ ಬಂಧದ ಉದ್ದಕ್ಕೂ ಸುತ್ತಲಿನ ಪರಿಸರಕ್ಕೂ ಸ್ಪಂದಿಸುವುದರಿಂದ ಸುದ್ದಿ ಹೆಚ್ಚು. ಎಕ್ಸ್‌ಪಿಎಸ್ ಅನುಮಾನದಲ್ಲಿ ನಿಂತಾಗ, ಅಥವಾ ಹೈಡ್ರೋಜನ್ ಬಂಧದ ಬಲವನ್ನೇ ಹೋಲಿಸಬೇಕಾದಾಗ ಇದು ಬೇಕು. ಬರೀ ಲವಣವೋ ಅಲ್ಲವೋ ತಿಳಿಯಲು ಬೀಮ್‌ಲೈನ್ (ಆ ಯಂತ್ರದ ಕಿರಣ ಪ್ರಯೋಗಕ್ಕೆ ಬರುವ ದಾರಿ) ಸಮಯ ಕೇಳಿ ತಿಂಗಳುಗಟ್ಟಲೆ ಕಾಯುವುದು ಅನಗತ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಎಕ್ಸ್‌ಪಿಎಸ್ ಹತ್ತಿರದಲ್ಲೇ ಸಿಗುತ್ತದೆ. ಮೃದು ಎಕ್ಸ್‌ರೇ ಹೀರುವಿಕೆಗಾದರೆ ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನಿನ ಬಿಎಲ್-01 ಬೀಮ್‌ಲೈನ್ ಇದೆ. ಅದರ ವ್ಯಾಪ್ತಿ 100ರಿಂದ 1200 ಇವಿ, ನೈಟ್ರೋಜನ್ನಿನ 400 ಇವಿ ಅದರೊಳಗೇ ಬರುತ್ತದೆ.

ಅಲ್ಲಿ ಇಟ್ಟುಕೊಳ್ಳಬೇಕಾದ ಎಚ್ಚರಗಳು ಕೆಲವು. ಶಕ್ತಿಯ ಮಾಪನವನ್ನು ನೈಟ್ರೋಜನ್ ಅನಿಲದಿಂದ ಸರಿಪಡಿಸಿ: ಅದರ ಮೊದಲ ಕಂಪನ ಪೀಕ್ 400.9 ಇವಿಯಲ್ಲಿ, ಮುಂದಿನವು ಸುಮಾರು 0.23 ಇವಿ ಅಂತರದಲ್ಲಿ. ಆ ಕಂಪನ ಪೀಕ್‌ಗಳು ಬಿಡಿಬಿಡಿಯಾಗಿ ಕಂಡರೆ ಬೀಮ್‌ಲೈನಿನ ಪೃಥಕ್ಕರಣವೂ ಸಾಕಷ್ಟಿದೆ ಎಂದರ್ಥ. ಸ್ಕ್ಯಾನ್ 390ರಿಂದ 425ರವರೆಗೆ. ಪೈ-ಸ್ಟಾರ್ (ಎಲೆಕ್ಟ್ರಾನ್ ಏರುವ ಖಾಲಿ ಕಕ್ಷಕ) ಭಾಗದಲ್ಲಿ, ಅಂದರೆ 397ರಿಂದ 404ರವರೆಗೆ, 0.1 ಇವಿ ಅಥವಾ ಅದಕ್ಕೂ ಸಣ್ಣ ಹೆಜ್ಜೆ, ಉಳಿದೆಡೆ ದೊಡ್ಡದು. ಚಪ್ಪಟೆ ಹರಳುಗಳು ಒತ್ತಿದಾಗ ಒಂದೇ ಕಡೆ ಮಲಗಿಬಿಡುವುದರಿಂದ ಪೀಕಿನ ಎತ್ತರ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ. ಮಾದರಿಯನ್ನು ಕಿರಣಕ್ಕೆ 55 ಡಿಗ್ರಿ ಓರೆಯಾಗಿಸಿದರೆ ಈ ಪಕ್ಷಪಾತ ಹೆಚ್ಚುಕಡಿಮೆ ಅಳಿಯುತ್ತದೆ. ಒಟ್ಟು ಎಲೆಕ್ಟ್ರಾನ್ ಪ್ರವಾಹದಿಂದ ಅಳೆದರೆ ಕೆಲವು ನ್ಯಾನೊಮೀಟರಿನ ಸುದ್ದಿ, ಪ್ರತಿದೀಪ್ತಿಯಿಂದಾದರೆ ಇನ್ನೂ ಆಳದ್ದು. ಆದರೆ ಗಟ್ಟಿ ಮಾದರಿಯಲ್ಲಿ ಪ್ರತಿದೀಪ್ತಿಯ ದೊಡ್ಡ ಪೀಕ್‌ಗಳು ಚಪ್ಪಟೆಯಾಗಿ ಕಾಣುತ್ತವೆ. ಎತ್ತರಗಳನ್ನು ಹೋಲಿಸಬೇಡಿ, ಜಾಗಗಳನ್ನು ಮಾತ್ರ ಹೋಲಿಸಿ. ಒಂದು ಜಾಗದಲ್ಲಿ ಒಂದೇ ಸ್ಕ್ಯಾನ್, ಮುಂದಿನದಕ್ಕೆ ಒಂದು ಮಿಲಿಮೀಟರ್ ಸರಿಯಿರಿ. ಸಿಂಕ್ರೊಟ್ರಾನಿನ ಕಿರಣ ಪ್ರಯೋಗಾಲಯದ ಮೂಲಕ್ಕಿಂತ ಬಹಳ ತೀಕ್ಷ್ಣ, ಸಾವಯವ ಹರಳಿಗೆ ಅದು ಬಿಸಿಲಲ್ಲ, ಬೆಂಕಿ.

ಓದುವ ರೀತಿ ಎಕ್ಸ್‌ಪಿಎಸ್‌ನಂತೆಯೇ. ಸಿ=ಎನ್ ನೈಟ್ರೋಜನ್ನಿನ ಪೈ-ಸ್ಟಾರ್ ಪೀಕ್ ಎಲ್ಲಕ್ಕಿಂತ ಕೆಳಗೆ, ಚೂಪಾಗಿ ನಿಂತಿರುತ್ತದೆ. ಪ್ರೋಟಾನ್ ಬಂದರೆ ಅದು ಮೇಲೇರುತ್ತದೆ, ಆದರೆ ಎಕ್ಸ್‌ಪಿಎಸ್‌ನಷ್ಟು ಅಲ್ಲ. ಒಳಗಿನ ಮಟ್ಟ ಇಳಿದಂತೆ ಖಾಲಿ ಕಕ್ಷಕವೂ ಇಳಿಯುವುದರಿಂದ ಏರಿಕೆಯ ಒಂದು ಪಾಲು ಕರಗಿಹೋಗುತ್ತದೆ. ಹೈಡ್ರೋಜನ್ ಬಂಧವನ್ನೇ ಕಲಿಯಲು ಇಮಿಡಜೋಲ್ ತುಂಬ ಒಳ್ಳೆಯ ಪಾಠ. ಅದರಲ್ಲಿ ಒಂದು ಸಿ=ಎನ್, ಒಂದು ಎನ್-ಎಚ್; ಅನಿಲದಲ್ಲಿ ಎರಡರ ಪೈ-ಸ್ಟಾರ್ ಪೀಕ್‌ಗಳ ನಡುವೆ 2 ಇವಿಗೂ ಹೆಚ್ಚು ಅಂತರ. ಹರಳಿನಲ್ಲಿ ಅಣುಗಳು ಎನ್-ಎಚ್ ಹಿಡಿದು ಎನ್ ಎಂದು ಸರಪಳಿ ಕಟ್ಟುತ್ತವೆ: ಸ್ವೀಕರಿಸುವ ನೈಟ್ರೋಜನ್ ಎಲೆಕ್ಟ್ರಾನ್ ಸಾಂದ್ರತೆ ಕಳೆದುಕೊಂಡು ಮೇಲೇರುತ್ತದೆ, ಕೊಡುವ ನೈಟ್ರೋಜನ್ ಅದನ್ನು ಗಳಿಸಿ ಕೆಳಗಿಳಿಯುತ್ತದೆ, ಅಂತರ ಕಿರಿದಾಗುತ್ತದೆ. ಎಷ್ಟು ಕಿರಿದಾಯಿತೋ ಅಷ್ಟು ಬಲವಾದ ಬಂಧ. ಇನ್ನೊಂದು ಪ್ರೋಟಾನ್ ಕೊಟ್ಟು ಇಮಿಡಜೋಲಿಯಂ ಮಾಡಿದರೆ ಎರಡು ನೈಟ್ರೋಜನ್‌ಗಳೂ ಸಮಾನವಾಗಿ ಪೀಕ್ ಒಂದೇ ಆಗುತ್ತದೆ. ಹೈಡ್ರೋಜನ್ ಬಂಧದಿಂದ ಪ್ರೋಟಾನ್ ವರ್ಗಾವಣೆಯವರೆಗಿನ ಇಡೀ ಹಾದಿ ಒಂದೇ ಸಣ್ಣ ಅಣುವಿನಲ್ಲಿ ಸಿಗುತ್ತದೆ. ಮಾದರಿಯನ್ನು ತಣಿಸಿಟ್ಟುಕೊಳ್ಳುವುದು ಮಾತ್ರ ಮರೆಯಬಾರದು.

ಲೆಕ್ಕಾಚಾರದ ಜೊತೆ

ವಿವರ್ತನೆಯ ರಚನೆಯನ್ನು ಹಾಗೇ ತೆಗೆದುಕೊಂಡು ರೋಹಿತ ಲೆಕ್ಕ ಹಾಕಬೇಡಿ. ಹೈಡ್ರೋಜನ್‌ಗಳು ಗಿಡ್ಡ ಬಂಧಗಳಲ್ಲಿ ಕುಳಿತಿವೆ. ಮೊದಲು ಏಕಕೋಶದ (ಹರಳಿನಲ್ಲಿ ಮರುಕಳಿಸುವ ಘಟಕದ) ಅಳತೆಯನ್ನು ಕದಲಿಸದೆ ಹೈಡ್ರೋಜನ್‌ಗಳನ್ನು ಮಾತ್ರ ಸಾಂದ್ರತಾ ಕ್ರಿಯಾತ್ಮಕ ಸಿದ್ಧಾಂತದಲ್ಲಿ ಸಡಿಲಿಸಿ. ಆವರ್ತಕ ಲೆಕ್ಕಕ್ಕೆ (ಕೋಶ ಕೊನೆಯಿಲ್ಲದೆ ಮರುಕಳಿಸುತ್ತದೆ ಎಂದು ಹಿಡಿದು ಹಾಕುವುದು) ಕ್ಯಾಸ್ಟೆಪ್, ಅಣುಗುಚ್ಛಕ್ಕೆ ಆರ್ಕಾ ಎಂಬ ತಂತ್ರಾಂಶಗಳು ಬಳಕೆಯಲ್ಲಿವೆ. ಆವರ್ತಕ ಲೆಕ್ಕದಲ್ಲಿ ಒಂದು ನೈಟ್ರೋಜನ್ನಿನ ಒಳಗೆ ರಂಧ್ರ (1ಎಸ್ ಎಲೆಕ್ಟ್ರಾನ್ ಹೋದ ಖಾಲಿ ಜಾಗ) ಇಡುವುದರಿಂದ ಅದರ ಪ್ರತಿಬಿಂಬಗಳು ಒಂದಕ್ಕೊಂದು ತಾಗದಂತೆ ಕೋಶದ ಪ್ರತಿ ಬದಿ 10 ಆಂಗ್‌ಸ್ಟ್ರಮ್‌ಗಿಂತ ದೊಡ್ಡದಿರಲಿ. ಬಿಡಿ ಅಣುವಿನ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಅಳೆಯಬೇಕಾದ ನೆರೆಯವನನ್ನೇ ಅದು ಹೊರಗಿಟ್ಟಿದೆ.

ಆಮೇಲೆ ಆ ಒಂದು ಹೈಡ್ರೋಜನ್ನನ್ನು ಆಕ್ಸಿಜನ್ನಿನಿಂದ 1.0 ಆಂಗ್‌ಸ್ಟ್ರಮ್ ದೂರದಲ್ಲಿಟ್ಟು ರೋಹಿತ ಲೆಕ್ಕ ಹಾಕಿ, 0.1ರ ಹೆಜ್ಜೆಯಲ್ಲಿ ನೈಟ್ರೋಜನ್ನಿನತ್ತ ಸರಿಸುತ್ತ ಪ್ರತಿ ಹೆಜ್ಜೆಗೂ ಲೆಕ್ಕ ಹಾಕಿ. ಲೆಕ್ಕದ ಒಟ್ಟು ಶಕ್ತಿ ಮಾಪನ ಪ್ರಯೋಗಕ್ಕೆ ನೇರವಾಗಿ ಹೊಂದುವುದಿಲ್ಲ, ಇಡೀ ರೋಹಿತವನ್ನು ಒಂದೇ ಮೊತ್ತದಷ್ಟು ಸರಿಸಬೇಕಾಗುತ್ತದೆ. ಆ ಮೊತ್ತ ಎಲ್ಲ ಹೆಜ್ಜೆಗಳಿಗೂ ಒಂದೇ ಇರಲಿ. ಇಲ್ಲಿಯೂ ಹೋಲಿಸಬೇಕಾದದ್ದು ಪೀಕ್‌ಗಳ ನಡುವಿನ ಅಂತರವನ್ನೇ. ಅಳೆದ ಅಂತರ ಯಾವ ಹೆಜ್ಜೆಯ ಲೆಕ್ಕಕ್ಕೆ ಹೊಂದುತ್ತದೋ ಹೈಡ್ರೋಜನ್ ಅಲ್ಲಿದೆ.

ವರದಿಯಲ್ಲಿ ಪೀಕಿನ ಜಾಗದ ಜೊತೆ ಆಧಾರ ಪೀಕ್ ಯಾವುದು, ಅದನ್ನು ಎಷ್ಟಕ್ಕೆ ನಿಲ್ಲಿಸಿದಿರಿ, ಪೀಕ್‌ಗಳ ಅಂತರ, ಅಗಲ, ವಿಸ್ತೀರ್ಣದ ಅನುಪಾತ, ಮೊದಲ ಮತ್ತು ಕೊನೆಯ ಚುಟುಕು ಸ್ಕ್ಯಾನ್‌ಗಳು, ಮಾದರಿಯ ಉಷ್ಣತೆ, ನಿರ್ವಾತದಲ್ಲಿ ಕಳೆದ ಸಮಯ ಇವಿಷ್ಟನ್ನೂ ಬರೆಯಿರಿ. ಅಳತೆ ಮುಗಿದ ಪುಡಿಯನ್ನು ಎಸೆಯದೆ ಮತ್ತೊಮ್ಮೆ ಪುಡಿ ವಿವರ್ತನೆಗೆ ಹಾಕಿ, ಎರಡು ಮಾದರಿಗಳನ್ನೂ ಒಂದೇ ಚಿತ್ರದಲ್ಲಿ ಕೊಡಿ.